ಒಳಗಿನಿಂದ ಮುಟ್ಟಬಾರದ ಬಟ್ಟೆ

ಫೆಬ್ರವರಿ ೪

ಅಕ್ಕಾ,

ಫೋನ್ ಮಾಡಿದ್ರೆ ನಿನಗೆ ಅರ್ಧ ಕೇಳಲ್ಲ, ಕೇಳಿದ ಅರ್ಧಕ್ಕೂ "ಹೂಂ, ಹೂಂ" ಅಂದು ಇಟ್ಟುಬಿಡ್ತೀಯ. ಮೂವತ್ತು ವರ್ಷ ಹೊಲಿಗೆ ಮಿಷನ್ನುಗಳ ಮಧ್ಯೆ ಕೂತವಳ ಕಿವಿ ಇನ್ನೇನಾಗುತ್ತೆ. ಅದಕ್ಕೇ ಕಾಗದ.

ಅಮ್ಮನ ಮಂಡಿಗೆ ಕಳಿಸಿದ್ದ ಮುಲಾಮು ಮುಗಿದಿರಬೇಕು. ಇನ್ನೆರಡು ಟ್ಯೂಬ್ ಇದರ ಜೊತೆ ಇಟ್ಟಿದ್ದೀನಿ. ನಾನು ಕಳಿಸಿದ್ದು ಅನ್ನಬೇಡ, ನೀನೇ ಅಂಗಡಿಯಿಂದ ತಂದೆ ಅನ್ನು. ನಾನು ಕೊಟ್ಟಿದ್ದು ಅಂತ ಗೊತ್ತಾದ್ರೆ ಅವಳು ಹಚ್ಚಿಕೊಳ್ಳಲ್ಲ. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡ್ತಾ ನನ್ನ ಅಮ್ಮನಿಗೇ ಕದ್ದು ಔಷಧಿ ಕಳಿಸಬೇಕು ನೋಡು.

ವಿಷಯ ಏನಪ್ಪಾ ಅಂದ್ರೆ, ಏಪ್ರಿಲ್ ಕೊನೆಯಲ್ಲಿ ನಮ್ಮ ಗಿಳಿಯ ಶಾಲೆಯವರು ಮಕ್ಕಳನ್ನ ಒಂದು ಕೆರೆ ದಂಡೆಗೆ ನಾಲ್ಕು ದಿನ ಶಿಬಿರಕ್ಕೆ ಕರ್ಕೊಂಡು ಹೋಗ್ತಾರಂತೆ. ಒಂದೊಂದು ಟೆಂಟಿಗೆ ಒಬ್ಬ ದೊಡ್ಡವರು ಇರಬೇಕಂತೆ. ನನ್ನ ಮಗಳು ನನ್ನನ್ನ ಒಂದು ಮಾತೂ ಕೇಳದೆ ನನ್ನ ಹೆಸರು ಕೊಟ್ಟು ಬಂದಿದ್ದಾಳೆ. ಹದಿನಾಲ್ಕು ವರ್ಷ ಆಯ್ತು, ಬಾಯಿ ಮಾತ್ರ ಇನ್ನೂ ಗಿಳಿಯದೇ. ಶಾಲೆಯವರು ಒಂದು ಪಟ್ಟಿ ಕಳಿಸಿದ್ದಾರೆ: ಟೆಂಟು, ಸ್ಲೀಪಿಂಗ್ ಬ್ಯಾಗು, ಗಾಳಿ ತುಂಬಿಸೋ ಹಾಸಿಗೆ, ತಲೆಗೆ ಕಟ್ಟಿಕೊಳ್ಳೋ ದೀಪ. ಇವನ್ನೆಲ್ಲ ಹೊಲಿಯೋಳು, ರಿಪೇರಿ ಮಾಡೋಳು ನೀನು. ಯಾವುದು ತಗೋಬೇಕು ಅಂತ ಬರಿ.

ಇನ್ನೊಂದು ಪ್ರಶ್ನೆ, ನಗಬೇಡ. ಈಗಿನ ಟೆಂಟಿನ ಬಟ್ಟೆಯನ್ನ ಮಳೆ ಬರುವಾಗ ಒಳಗಿನಿಂದ ಮುಟ್ಟಿದ್ರೆ ಸೋರುತ್ತಾ?

ನಿನ್ನ ತಂಗಿ


ಫೆಬ್ರವರಿ ೧೩

ತಂಗೀ,

ನಿನ್ನ ಪಟ್ಟಿ ಓದಿ ನಮ್ಮ ಅಂಗಡಿ ಯಜಮಾನರಿಗೂ ತೋರಿಸಿದೆ. "ಇದು ಶಿಬಿರವೋ ಬೀಗರ ಮನೆಯೋ" ಅಂದ್ರು. ಅವರು ಹೇಳಿದ್ದು ಸುಳ್ಳಲ್ಲ ಕಣೇ. ಮೊನ್ನೆ ಒಬ್ಬ ಗಿರಾಕಿ ಬಾಡಿಗೆಗೆ ಒಯ್ದ ಗಾಳಿ ಹಾಸಿಗೆ ವಾಪಸ್ ತಂದು, ಸೊಂಟದ ಹತ್ತಿರ ಸ್ವಲ್ಪ ತಗ್ಗಾಗುತ್ತೆ ಅಂತ ಜಗಳಕ್ಕೆ ನಿಂತರು. ಸ್ವಾಮೀ, ಕಾಡಲ್ಲಿ ಮಲಗಿ ಸೊಂಟದ ಸುದ್ದಿ ಮಾತಾಡ್ತೀರಲ್ಲ ಅನ್ನಬೇಕು ಅನ್ನಿಸ್ತು. ನಾಲಿಗೆ ಕಚ್ಚಿಕೊಂಡೆ.

ನಮ್ಮ ಕಾಲದ್ದು ನೆನಪಿದೆಯಾ ನಿನಗೆ? ಅಪ್ಪನ ಸರ್ವೆ ಆಫೀಸಿನ ಡೇರೆ ಒಯ್ಯೋಕೆ ಒಂದು ತಳ್ಳುಗಾಡಿ ಬೇಕಿತ್ತು. ದಪ್ಪ ಹತ್ತಿ ಕ್ಯಾನ್ವಾಸು, ನೆಂದರೆ ಇಬ್ಬರು ಸೇರಿದ್ರೂ ಎತ್ತೋಕಾಗ್ತಿರಲಿಲ್ಲ. ಮರದ ಕಂಬ, ಕಬ್ಬಿಣದ ಗೂಟ, ಅದನ್ನ ಹೊಡೆಯೋಕೆ ಸುತ್ತಿಗೆ, ಸುತ್ತಿಗೆ ಮರೆತು ಬಂದಿದ್ರೆ ಕಲ್ಲು ಹುಡುಕೋ ಕೆಲಸ ನಮ್ಮಿಬ್ಬರದ್ದು. ಈಗ ಇಡೀ ಟೆಂಟು ಮಡಿಸಿದ್ರೆ ಒಂದು ದಿಂಬು. ಕಂಬ ಅಂದ್ರೆ ಗೇಣುದ್ದದ ಅಲ್ಯೂಮಿನಿಯಂ ತುಂಡುಗಳು, ಒಳಗೆ ಎಲಾಸ್ಟಿಕ್ ದಾರ. ಒಂದು ಸಲ ಒದರಿದ್ರೆ ಪಟಪಟ ಅಂತ ತಾವೇ ಒಂದಕ್ಕೊಂದು ಸೇರ್ಕೊಳ್ತವೆ. ನನಗೆ ಈಗಲೂ ಅದನ್ನ ನೋಡಿದ್ರೆ ಖುಷಿ.

ಆಗ ಡೇರೆಗೆ ನೆಲವೇ ಇರಲಿಲ್ಲ. ತಾಡಪಾಲು ಹಾಸಿ ಮಲಗಿದ್ರೆ ಇರುವೆಗಳು ಕರೆಯದ ನೆಂಟರ ಹಾಗೆ ಬರ್ತಿದ್ವು. ಈಗ ನೆಲವೂ ಗೋಡೆಯೂ ಒಂದೇ ಹೊಲಿಗೆ. ಸೀಮೆಎಣ್ಣೆ ಸ್ಟೌಗೆ ಅಪ್ಪ ಪಂಪ್ ಹೊಡೆದೂ ಹೊಡೆದೂ ಮುಖವೆಲ್ಲ ಮಸಿಯಾಗ್ತಿತ್ತು. ಈಗಿನ ಸ್ಟೌ ಅಂಗೈಯಲ್ಲಿ ಕೂರುತ್ತೆ, ಗುಂಡಿ ಒತ್ತಿದ್ರೆ ನೀಲಿ ಉರಿ. ಚುಚ್ಚೋ ಕಂಬಳಿ ಹೋಗಿ ಸ್ಲೀಪಿಂಗ್ ಬ್ಯಾಗ್ ಬಂತು. ಲಾಟೀನು ಹೋಗಿ ಹಣೆ ದೀಪ ಬಂತು.

ನೀನು ಏನೂ ಕೊಂಡುಕೊಳ್ಳಬೇಡ. ಎಲ್ಲವನ್ನೂ ನಾನೇ ಕಳಿಸ್ತೀನಿ. ಅಮ್ಮನಿಗೆ ಮುಲಾಮು ಹಚ್ಚಿದೆ, ಅಂಗಡಿಯದ್ದು ಅಂದೆ. ಟ್ಯೂಬ್ ತಿರುಗಿಸಿ ತಿರುಗಿಸಿ ನೋಡಿದ್ಳು.

ಅಂಗಡಿ ಬಾಗಿಲು ಹಾಕೋ ಹೊತ್ತಾಯ್ತು, ಇಲ್ಲಿಗೆ ಸಾಕು.

ಅಕ್ಕ


ಫೆಬ್ರವರಿ ೨೪

ಅಕ್ಕಾ,

ಎರಡು ಹಾಳೆ ತುಂಬ ಎಲ್ಲ ಬರೆದೆ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಇಲ್ಲ. ನೀನು ಯಾವಾಗಲೂ ಹೀಗೇ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತೀಯ.

ನನಗೆ ನೋವಾಗಬಾರದು ಅಂತ ಆ ಮಾತು ಎತ್ತಲಿಲ್ಲ ಅಂತ ಗೊತ್ತು. ನಿನ್ನ ಮನಸ್ಸು ದೊಡ್ಡದು. ಆವತ್ತು ಆ ಡೇರೆಯಲ್ಲಿ ಇದ್ದವರಲ್ಲಿ ನನ್ನ ಜೊತೆ ನೆಟ್ಟಗೆ ಮಾತಾಡೋಳು ನೀನೊಬ್ಬಳೇ. ಆದ್ರೆ ನಾನು ಸುಮ್ಮನೆ ಕೇಳಿದ್ದಲ್ಲ. ನನಗೆ ಈಗಲೂ ಅಂಗಡಿಗೆ ಹೋದ್ರೆ ಕೈ ಕಟ್ಟಿಕೊಂಡು ನಿಲ್ಲೋ ಅಭ್ಯಾಸ. ಸೀರೆ ಅಂಗಡಿಯವರು "ಮುಟ್ಟಿ ನೋಡಿಮ್ಮಾ" ಅಂದ್ರೂ ಮುಟ್ಟಲ್ಲ. ಟೆಂಟಿನ ಒಳಗೆ ನಾಲ್ಕು ದಿನ, ಅದೂ ಬೇರೆಯವರ ಮಕ್ಕಳ ಜೊತೆ, ನಿದ್ದೆಗಣ್ಣಲ್ಲಿ ನನ್ನ ಕೈ ಎಲ್ಲಿ ಹೋಗುತ್ತೋ.

ಬರಲ್ಲ ಅಂದೆ. ನಾನಿಲ್ಲದಿದ್ರೆ ಅವರ ಟೆಂಟಿನ ನಾಲ್ಕು ಮಕ್ಕಳೂ ಹೋಗೋ ಹಾಗಿಲ್ಲ. ಗಿಳಿ ಮೂರು ದಿನದಿಂದ ಮಾತು ಬಿಟ್ಟಿದ್ದಾಳೆ. ಅವಳು ಸುಮ್ಮನಿರೋ ಮನೆಯಲ್ಲಿ ಇರೋಕಾಗಲ್ಲ.

ಅಮ್ಮ ನನ್ನ ವಿಷಯ ಏನಾದ್ರೂ ಕೇಳಿದ್ಳಾ?

ನಿನ್ನ ತಂಗಿ


ಮಾರ್ಚ್ ೩

ತಂಗೀ,

ಸೋರಲ್ಲ. ಈಗಿನದ್ದು ನೈಲಾನು, ಮೇಲೆ ಲೇಪ, ಹೊಲಿಗೆಗಳ ಮೇಲೆ ಒಳಗಿನಿಂದ ಟೇಪು ಅಂಟಿಸಿರ್ತಾರೆ. ಹತ್ತು ಬೆರಳಿಟ್ಟು ಮುಟ್ಟಿದ್ರೂ ಒಂದು ಹನಿ ಬರಲ್ಲ.

ಪಾರ್ಸೆಲ್ ಕಳಿಸಿದ್ದೀನಿ, ಟೆಂಟು ನಾನೇ ಹೊಲಿದದ್ದು. ಪ್ರತಿ ಹೊಲಿಗೆಗೂ ಎರಡು ಸಲ ನೀರು ಬಿಟ್ಟು ನೋಡಿದ್ದೀನಿ. ಇಲ್ಲಿ ಎಲ್ಲರೂ ಒಂದು ಸಲ ನೋಡಿ ಬಿಡ್ತಾರೆ, ನಾನು ಎರಡು ಸಲ. ಹೊಲಿಗೆ ಮೇಲೆ ನಿನಗೇನು ಹಗೆ ಅಂತ ಯಜಮಾನರು ತಮಾಷೆ ಮಾಡ್ತಾರೆ.

ಅಮ್ಮ ಏನೂ ಕೇಳಲಿಲ್ಲ. ಮಕ್ಕಳನ್ನ ಕರ್ಕೊಂಡು ಹೋಗು. ನನ್ನ ಮನಸ್ಸು ದೊಡ್ಡದು ಅಂತೆಲ್ಲ ಬರೀಬೇಡ.

ಅಕ್ಕ


ಮಾರ್ಚ್ ೧೨

ಅಕ್ಕಾ,

ಪಾರ್ಸೆಲ್ ಬಂತು. ಮನೆ ಹಿಂದಿನ ಅಂಗಳದಲ್ಲಿ ಗಿಳಿ ಒಬ್ಬಳೇ ಹತ್ತು ನಿಮಿಷದಲ್ಲಿ ಟೆಂಟ್ ನಿಲ್ಲಿಸಿದ್ಳು. ಗಿಡಕ್ಕೆ ನೀರು ಹಾಕೋ ಪೈಪ್ ತಂದು ಮೇಲಿಂದ ಮಳೆ ಹುಯ್ಯಿಸಿದ್ಳು. ನನ್ನನ್ನ ಒಳಗೆ ಕೂರಿಸಿ, "ಮುಟ್ಟು ಅಮ್ಮಾ, ಏನೂ ಆಗಲ್ಲ" ಅಂದ್ಳು. ಕೈ ಎತ್ತಿದೆ, ಬೆರಳು ಬಟ್ಟೆಗೆ ಎರಡು ಅಂಗುಲ ದೂರದಲ್ಲಿ ನಿಂತುಬಿಟ್ಟಿತು. ಮುಂದೆ ಹೋಗಲಿಲ್ಲ.

ಆಗ ಅವಳು ಪೈಪ್ ಕೆಳಗಿಟ್ಟು ಒಳಗೆ ಬಂದು ನನ್ನ ಎದುರಿಗೆ ಕೂತ್ಕೊಂಡ್ಳು. ಹೋದ ವರ್ಷ ಚಿಕ್ಕಪ್ಪ ನಮ್ಮ ಮನೆಗೆ ಬಂದಿದ್ರಲ್ಲ, ಆಗ ಅವರು ಹಳೇ ಕಥೆ ಎಲ್ಲ ಹೇಳಿದ್ರಂತೆ. ನನ್ನನ್ನ ಅವರು "ಸೋರುಬೆರಳು" ಅಂತ ಕರೆಯೋದು ಯಾಕೆ ಅಂತ ಇವಳೇ ಕೇಳಿದ್ದಳಂತೆ. ಒಂದು ವರ್ಷ ಹೊಟ್ಟೆಯಲ್ಲೇ ಇಟ್ಕೊಂಡಿದ್ದಾಳೆ, ಅಷ್ಟು ಮಾತಾಡೋ ಹುಡುಗಿ.

"ಅಜ್ಜ ಸತ್ತಿದ್ದು ನಿನ್ನಿಂದಾನಾ ಅಮ್ಮ?" ಅಂತ ಕೇಳಿದ್ಳು.

ಹೌದು ಅಂದೆ. ಇನ್ನೇನು ಹೇಳಲಿ? ಅವಳು ಎದ್ದು ಹೋಗಿ ನಲ್ಲಿ ನಿಲ್ಲಿಸಿದ್ಳು. ಆಮೇಲೆ ಇಡೀ ದಿನ ನನ್ನ ಜೊತೆ ತುಂಬಾ ಮೆತ್ತಗೆ ಮಾತಾಡಿದ್ಳು, ಕಾಯಿಲೆಯವರ ಜೊತೆ ಮಾತಾಡ್ತಾರಲ್ಲ ಹಾಗೆ. ಮಾತು ಬಿಟ್ಟಿದ್ದೇ ವಾಸಿಯಿತ್ತು ಅನ್ನಿಸ್ತು.

ಟೆಂಟ್ ಒಣಗಿಸಿ ಮಡಿಸಿ ಇಟ್ಟಿದ್ದೀನಿ. ವಾಪಸ್ ಕಳಿಸ್ತೀನಿ, ಬೇಜಾರು ಮಾಡ್ಕೋಬೇಡ.

ನಿನ್ನ ತಂಗಿ


ಮಾರ್ಚ್ ೧೭

ತಂಗೀ,

ಇದನ್ನ ಕೂತು ಓದು. ಗಿಳಿ ಶಾಲೆಗೆ ಹೋದ ಮೇಲೆ ಓದು.

ಅಪ್ಪ ಸತ್ತಿದ್ದು ನಿನ್ನಿಂದ ಅಲ್ಲ. ಡೇರೆ ಸೋರಿದ್ದು ನಿನ್ನ ಬೆರಳಿಂದ ಅಲ್ಲ. ನನಗೆ ಆವತ್ತೇ ಗೊತ್ತಿತ್ತು.

ಆ ಸಲ ನಾವೆಲ್ಲ ಡೇರೆ ತಗೊಂಡು ಹೊರಡೋ ಹಿಂದಿನ ದಿನ ಅಪ್ಪ ನನ್ನ ಕೈಗೆ ಎರಡು ಉಂಡೆ ಮೇಣ ಕೊಟ್ಟು, ಡೇರೆಯ ಎಲ್ಲ ಹೊಲಿಗೆಗೂ ಉಜ್ಜಿ, ಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸು ಅಂತ ಹೇಳಿ ಆಫೀಸಿಗೆ ಹೋದ್ರು. ಹತ್ತಿ ಬಟ್ಟೆ ನೆಂದರೆ ಉಬ್ಬಿ ತಾನೇ ನೀರು ತಡೆಯುತ್ತೆ. ಸೂಜಿ ಚುಚ್ಚಿದ ತೂತುಗಳಿಗೆ ಮಾತ್ರ ಮೇಣ ಬೇಕೇ ಬೇಕು. ಮೂರು ಕಡೆಯ ಹೊಲಿಗೆ ಮುಗಿಸಿದ್ದೆ. ಹಿಂದಿನ ಗೋಡೆಯದ್ದು ಬಾಕಿ. ಅಷ್ಟರಲ್ಲಿ ಪಕ್ಕದ ಬೀದಿಯ ನನ್ನ ಗೆಳತಿ ಹೊಸ ಸೈಕಲ್ ತಗೊಂಡು ಬಂದ್ಳು. ಒಂದು ಸುತ್ತು ಹೋಗಿ ಬರೋಣ ಅಂದ್ಳು. ಒಂದು ಸುತ್ತು ಸಾಯಂಕಾಲ ಆಯ್ತು. ಬಂದಾಗ ಅಪ್ಪ ಡೇರೆ ಮಡಿಸ್ತಾ ಇದ್ರು. "ಎಲ್ಲಾ ಆಯ್ತೇನಮ್ಮಾ?" ಅಂದ್ರು. "ಆಯ್ತು ಅಪ್ಪ" ಅಂದೆ. ಉಳಿದ ಮೇಣವನ್ನ ಕಸದ ಬುಟ್ಟಿಯ ತಳಕ್ಕೆ ತಳ್ಳಿದೆ.

ಮಾರನೇ ದಿನ ಮಧ್ಯಾಹ್ನ ಮಳೆ ಹಿಡೀತಲ್ಲ. ನೀನು ಹಿಂದಿನ ಗೋಡೆ ಮೇಲೆ ಬೆರಳಲ್ಲಿ ಮೀನಿನ ಚಿತ್ರ ಬರೀತಿದ್ದೆ. ಅಪ್ಪ ಮುಟ್ಟಬೇಡ ಮಗು, ಸೋರುತ್ತೆ ಅಂದ್ರು, ನೀನು ಕೈ ತೆಗೆದೆ. ನಾನು ಆ ಗೋಡೆಯನ್ನೇ ನೋಡ್ತಾ ಕೂತಿದ್ದೆ, ಯಾಕೆ ಅಂತ ಈಗ ನಿನಗೆ ಗೊತ್ತಾಯ್ತಲ್ಲ. ನೀರು ಬಂದಿದ್ದು ನಿನ್ನ ಮೀನಿಂದ ಅಲ್ಲ. ಅದಕ್ಕಿಂತ ಒಂದು ಮೊಳ ಆಚೆ, ಹೊಲಿಗೆಯ ಉದ್ದಕ್ಕೂ ಸಾಲಾಗಿ ಬಂತು. ಅಮ್ಮ ಹೊರಗಿಂದ ಪಾತ್ರೆ ಎತ್ತಿಕೊಂಡು ಒಳಗೆ ಬರೋ ಹೊತ್ತಿಗೆ ಹಾಸಿಗೆ, ಕಂಬಳಿ, ಬಟ್ಟೆ ಎಲ್ಲ ತೊಪ್ಪೆಯಾಗಿತ್ತು. ಯಾರು ಮುಟ್ಟಿದ್ದು ಅಂತ ಕೇಳಿದ್ಳು.

ನೀನು ಬಾಯಿ ಬಿಡೋಕೆ ಮುಂಚೆ ನಾನೇ ನಿನ್ನ ಕಡೆ ಬೆರಳು ತೋರಿಸಿ "ಇವಳು" ಅಂದೆ. ನಿನಗೆ ಅದು ನೆನಪಿದೆಯೋ ಇಲ್ಲವೋ, ನನಗೆ ಇದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡವನಾದ್ರೂ ತನ್ನ ಹೆಗಲು ನೋಡ್ಕೊಂಡ. ನಾನು ಒಂಬತ್ತು ವರ್ಷದ ಮಗುವಿನ ಹೆಗಲು ತೋರಿಸಿದೆ.

ನೆನೆಯದೆ ಉಳಿದಿದ್ದ ಒಂದೇ ಕಂಬಳಿಯನ್ನ ಅಪ್ಪ ನಮ್ಮಿಬ್ಬರಿಗೆ ಹೊದಿಸಿದ್ರು. ತಾವು ಒದ್ದೆ ಅಂಗಿಯಲ್ಲೇ ಕೂತ್ರು. ಹನ್ನೊಂದು ದಿನಕ್ಕೆ ಹೋದ್ರು. ಎದೆ ಮೊದಲೇ ಕೆಟ್ಟಿತ್ತು, ಎರಡು ಸಲ ರಕ್ತ ಕೆಮ್ಮಿದ್ರು ಅಂತ ಡಾಕ್ಟರು ಅಮ್ಮನಿಗೆ ಹೇಳಿದ್ದು ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೀನಿ. ಅದನ್ನ ಹಿಡ್ಕೊಂಡು ಎಷ್ಟೋ ಸಲ ನನ್ನನ್ನ ನಾನೇ ಸಮಾಧಾನ ಮಾಡ್ಕೊಂಡಿದ್ದೀನಿ. ನಿನಗೆ ಮಾತ್ರ ಆ ಸಮಾಧಾನವನ್ನೂ ಹೇಳಲಿಲ್ಲ.

ಇನ್ನೂ ಇದೆ. ನಾನು ಈ ಕೆಲಸಕ್ಕೆ ಸೇರಿದ ಎರಡನೇ ವರ್ಷ, ಅಂದ್ರೆ ಇಪ್ಪತ್ತೆಂಟು ವರ್ಷದ ಹಿಂದೆ, ಎಲ್ಲರೂ ಮನೆಗೆ ಹೋದ ಮೇಲೆ ಹಳೇ ಹತ್ತಿ ಡೇರೆಯೊಂದನ್ನ ಕಟ್ಟಿ, ಮೇಲೆ ನೀರು ಬಿಟ್ಟು, ಒಳಗೆ ಕೂತು ಬೆರಳಿಂದ ಮೀನು ಬರೆದೆ. ಕೆಳಗೊಂದು ಲೋಟ ಇಟ್ಟೆ. ಒಂದು ಗಂಟೆಗೆ ಕಾಲು ಲೋಟವೂ ತುಂಬಲಿಲ್ಲ. ಆಮೇಲೆ ಮೇಣ ಹಾಕದ ಹೊಲಿಗೆಯ ಕೆಳಗೆ ಬಕೆಟ್ ಇಟ್ಟೆ. ಅದು ತುಂಬಿತು. ಮೊದಲೇ ಗೊತ್ತಿದ್ದದ್ದನ್ನ ಅಳೆದು ನೋಡಿ, ನೆಲ ಒರೆಸಿ, ಬೀಗ ಹಾಕಿ ಮನೆಗೆ ಬಂದೆ. ಅದಾದ ಮೇಲೆ ನಿನ್ನ ಮದುವೆ ಊಟದಲ್ಲಿ ಚಿಕ್ಕಪ್ಪ "ಸೋರುಬೆರಳಿಗೆ ಉಂಗುರ ಹಿಡೀತಾ" ಅಂದಾಗ ಎಲ್ಲರ ಜೊತೆ ನಾನೂ ನಕ್ಕೆ.

ಗಿಳಿಗೆ ಇವತ್ತೇ ಹೇಳು. ನನ್ನ ಮೇಲೆ ಅವಳಿಗೆ ಏನು ಅನ್ನಿಸಿದ್ರೂ ಸರಿ. ಅಮ್ಮನಿಗೆ ನಾನು ಹೇಳಬೇಕು. ಅಮ್ಮನಿಗೆ ಈಗ ಎಪ್ಪತ್ತೆಂಟು, ನನ್ನ ಕೈ ಹಿಡಿದೇ ಬಚ್ಚಲಿಗೆ ಹೋಗ್ತಾಳೆ, ನನ್ನ ದೊಡ್ಡ ಮಗಳಂಥ ಮಗಳಿಲ್ಲ ಅಂತ ಬಂದವರಿಗೆಲ್ಲ ಹೇಳ್ತಾಳೆ. ಹೇಳೋಕೆ ಧೈರ್ಯ ಬರ್ತಿಲ್ಲ. ಆದ್ರೂ ಹೇಳ್ತೀನಿ.

ಕ್ಷಮಿಸು ಅಂತ ಬರೆಯೋಕೆ ನಾಚಿಕೆ ಆಗುತ್ತೆ. ಬರೆದಿದ್ದೀನಿ ಅಂದ್ಕೋ.

ಅಕ್ಕ


ಏಪ್ರಿಲ್ ೨

ತಂಗೀ,

ಹದಿನೈದು ದಿನ ಆಯ್ತು, ನಿನ್ನ ಕಾಗದ ಇಲ್ಲ. ಬರೀಬೇಕು ಅಂತ ನಾನು ಕೇಳೋ ಹಾಗೂ ಇಲ್ಲ. ನಾನು ಹೇಳ್ತೀನಿ ಅಂದಿದ್ದನ್ನ ಮಾಡಿದೆ, ಅದನ್ನ ತಿಳಿಸೋಕೆ ಇದು.

ಭಾನುವಾರ ಬೆಳಿಗ್ಗೆ ಅಮ್ಮನ ತಲೆ ಬಾಚ್ತಾ ಇದ್ದೆ. ಮುಖ ಕಾಣದಿದ್ರೆ ಹೇಳೋದು ಸುಲಭ ಅಂತ ಅದೇ ಹೊತ್ತು ನೋಡ್ಕೊಂಡೆ. ಮೇಣ, ಸೈಕಲ್, ನಾನು ಹೇಳಿದ ಸುಳ್ಳು, ಬೆರಳು ತೋರಿಸಿದ್ದು, ಎಲ್ಲ ಹೇಳಿ ಮುಗಿಸಿದೆ. ಜಡೆ ಕೈಯಲ್ಲೇ ಇತ್ತು. ಅಮ್ಮ ಅಲ್ಲಾಡಲಿಲ್ಲ. ನಿದ್ದೆ ಬಂತೇನೋ ಅಂದ್ಕೊಂಡೆ.

"ನನಗೆ ಗೊತ್ತಿತ್ತು ಕಣೇ" ಅಂದ್ಳು.

ಆಸ್ಪತ್ರೆಯಲ್ಲಿ ಎಂಟನೇ ದಿನ ಅಪ್ಪ ಅವಳನ್ನ ಹತ್ತಿರ ಕರೆದು ಹೇಳಿದ್ರಂತೆ. ಮಳೆ ನಿಂತ ಮೇಲೆ ವಾಪಸ್ ಹೊರಡೋಕೆ ಡೇರೆ ಮಡಿಸುವಾಗ ಹಿಂದಿನ ಹೊಲಿಗೆ ಸವರಿ ನೋಡಿದ್ರಂತೆ, ಮೇಣವೇ ಇರಲಿಲ್ಲವಂತೆ. ಚಿಕ್ಕದಕ್ಕೆ ಬೈಬೇಡ, ಅದರ ತಪ್ಪಿಲ್ಲ, ದೊಡ್ಡದಕ್ಕೂ ಇದನ್ನ ಹೇಳಬೇಡ, ತಡ್ಕೊಳ್ಳಲ್ಲ ಅಂದ್ರಂತೆ. ಅಷ್ಟು ಹೊತ್ತಿಗೆ ಅಮ್ಮ ನಿನ್ನ ಹೆಸರು ಹಿಡಿದು ನೆಂಟರಿಗೆಲ್ಲ ಹೇಳಿ ಆಗಿತ್ತು. ನಿನ್ನದಲ್ಲ ಅಂದ್ರೆ ಮತ್ತೆ ಯಾರದ್ದು ಅನ್ನೋ ಮಾತು ಬರುತ್ತೆ. ಅಪ್ಪ ಹೋದ ಮೇಲೆ ನಾನು ಊಟ ಬಿಟ್ಟು ಗೋಡೆ ನೋಡ್ಕೊಂಡು ಕೂತಿದ್ದೆನಂತೆ. ಏನಾದ್ರೂ ಮಾಡ್ಕೊಂಡ್ರೆ ಅಂತ ಅವಳಿಗೆ ಭಯ.

"ಅವರು ಎರಡು ಮಾತು ಹೇಳಿದ್ರು. ನಾನು ಒಂದನ್ನೇ ನಡೆಸಿದೆ. ಚಿಕ್ಕದು, ಮರೀತಾಳೆ ಅಂದ್ಕೊಂಡೆ. ಆಮೇಲೆ ಅವಳ ಮುಖ ನೋಡೋಕೇ ಆಗಲಿಲ್ಲ ನನಗೆ. ಅವಳು ಅದನ್ನ ಸಿಟ್ಟು ಅಂದ್ಕೊಂಡ್ಳು. ಅಂದ್ಕೊಳ್ಳಲಿ ಅಂತ ಬಿಟ್ಟೆ."

ಇದನ್ನ ನಿನಗೆ ಬರಿ ಅಂತ ಅವಳೇ ಹೇಳಿದ್ಳು. ಒಂದು ಮಾತೂ ಬಿಡದೆ ಬರಿ ಅಂದ್ಳು. ಅವಳಿಗೆ ಕೈ ನಡುಗುತ್ತೆ, ಇಲ್ಲದಿದ್ರೆ ತಾನೇ ಬರೀತಿದ್ದೆ ಅಂದ್ಳು. ಆಮೇಲೆ ಮಧ್ಯಾಹ್ನದವರೆಗೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದೇ ಮನೆಯಲ್ಲಿ ಇಷ್ಟು ವರ್ಷ ಒಬ್ಬರಿಂದ ಒಬ್ಬರು ಒಂದೇ ವಿಷಯ ಮುಚ್ಚಿಟ್ಟುಕೊಂಡು ಬದುಕಿದ್ದೀವಿ, ಅದನ್ನ ಹೊತ್ತವಳು ನೀನು.

ಚಿಕ್ಕಪ್ಪನಿಗೂ ಫೋನ್ ಮಾಡಿ ಹೇಳಿದೆ. ಅವರು ಏನಂದ್ರೋ ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ. ಎರಡು ಸಲ ಗಟ್ಟಿಯಾಗಿ ಹೇಳಿ ಇಟ್ಟೆ.

ಅಕ್ಕ


ಏಪ್ರಿಲ್ ೧೬

ಅಕ್ಕಾ,

ನಿನ್ನ ಎರಡು ಕಾಗದವೂ ಬಂದವು. ಮೊದಲನೆಯದಕ್ಕೆ ಉತ್ತರ ಬರೆಯೋಕೆ ನಾಲ್ಕು ಸಲ ಕೂತೆ. ನಾಲ್ಕು ಸಲವೂ ಬೈಗುಳವೇ ಬಂತು, ಹರಿದು ಹಾಕಿದೆ. ನನಗೆ ಇಷ್ಟು ಬೈಗುಳ ಬರುತ್ತೆ ಅಂತ ನನಗೇ ಗೊತ್ತಿರಲಿಲ್ಲ.

ಹದಿನಾರು ವರ್ಷದ ಹುಡುಗಿ ಹೆದರಿ ಸುಳ್ಳು ಹೇಳಿದ್ಳು, ಒಪ್ಪಿದೆ. ಗಿಳಿಗೆ ಇನ್ನೆರಡು ವರ್ಷಕ್ಕೆ ಹದಿನಾರು, ಅವಳೂ ಹೇಳಬಹುದು. ಆದ್ರೆ ನೀನು ಬಕೆಟ್ ಇಟ್ಟು ನೋಡಿದಾಗ ನಿನಗೆ ಇಪ್ಪತ್ತೈದು, ನನಗೆ ಹದಿನೆಂಟು. ಆ ಸಾಯಂಕಾಲ ಒಂದು ಕಾಗದ ಹಾಕಿದ್ರೆ ಏನಾಗ್ತಿತ್ತು? ಗಿಳಿ ಹುಟ್ಟಿದಾಗ ನಾನು ಎರಡು ದಿನ ಅವಳನ್ನ ಎತ್ತಿಕೊಳ್ಳಲಿಲ್ಲ, ನನ್ನ ಕೈ ತಾಗಿದ್ದು ಕೆಡುತ್ತೆ ಅಂತ. ನರ್ಸಮ್ಮ ಬೈದು ಕೈಗೆ ಕೊಟ್ಟರು. ಇದನ್ನ ನಿನಗೆ ಚುಚ್ಚಬೇಕು ಅಂತಲೇ ಬರೀತಿದ್ದೀನಿ.

ಅಮ್ಮನ ಮಾತು ಓದಿದಾಗ ಸಿಟ್ಟು ಬರಲಿಲ್ಲ, ಅದು ಇನ್ನೂ ಕಷ್ಟವಾಯ್ತು. ನಿಮ್ಮಿಬ್ಬರಿಗೂ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ಆದ್ರೆ ಅಪ್ಪ ನನ್ನ ಮೇಲೆ ಬೇಜಾರಿಟ್ಟುಕೊಂಡು ಹೋಗಲಿಲ್ಲ ಅನ್ನೋದನ್ನ ದಿನಕ್ಕೆ ನಾಲ್ಕು ಸಲ ನನಗೆ ನಾನೇ ಹೇಳ್ಕೊಳ್ತೀನಿ. ಹೇಳ್ಕೊಂಡಷ್ಟೂ ಸಲ ಹೊಸದಾಗಿ ಕೇಳಿದ ಹಾಗೆ ಇರುತ್ತೆ.

ಗಿಳಿಗೆ ಹೇಳಿದೆ. ಅವಳು ನಿನ್ನ ಮೇಲೆ ಕೆಂಡವಾಗಿದ್ದಾಳೆ. ಶಿಬಿರಕ್ಕೆ ಬರ್ತೀನಿ ಅಂತ ಶಾಲೆಗೆ ತಿಳಿಸಿದ್ದೀನಿ, ಮುಂದಿನ ವಾರ ಹೊರಡ್ತೀವಿ. ಅದು ಮುಗಿಸಿ ಅಲ್ಲಿಂದಲೇ ಅಮ್ಮನನ್ನ ನೋಡೋಕೆ ಬರ್ತೀನಿ. ನಿನ್ನ ಜೊತೆ ಮಾತಾಡ್ತೀನೋ ಇಲ್ಲವೋ ಈಗ ಹೇಳೋಕಾಗಲ್ಲ. ನೀನು ಮನೆಯಲ್ಲೇ ಇರು, ಕೆಲಸದ ನೆಪ ಹೇಳಿ ತಪ್ಪಿಸಿಕೊಳ್ಳಬೇಡ.

ಅಪ್ಪ ಹೋದಾಗ ನಾನು ಅಳಲಿಲ್ಲ, ನಿನಗೆ ನೆನಪಿರಬಹುದು. ಕಲ್ಲು ಮನಸ್ಸಿನ ಮಗು ಅಂತ ನೆಂಟರೆಲ್ಲ ಅಂದ್ರು. ಕಲ್ಲಲ್ಲ ಅಕ್ಕಾ. ಕೊಂದವಳು ಅಳಬಾರದು ಅಂತ ಅಂದ್ಕೊಂಡಿದ್ದೆ. ಆಮೇಲೂ ಯಾವತ್ತೂ ಅಳಲಿಲ್ಲ.

ಮೊನ್ನೆ ಮಂಗಳವಾರ ಅಂಗಡಿಯಲ್ಲಿ ವಯಸ್ಸಾದವರೊಬ್ಬರಿಗೆ ಕೆಮ್ಮಿನ ಔಷಧಿ ಕೊಟ್ಟು, ದಿನಕ್ಕೆ ಮೂರು ಸಲ, ಊಟದ ಮೇಲೆ ಅಂತ ಹೇಳ್ತಾ ಇದ್ದವಳಿಗೆ ಮಾತು ನಿಂತುಹೋಯ್ತು. ಕೌಂಟರ್ ಹಿಂದೆ ನೆಲದ ಮೇಲೆ ಕೂತು, ಅಪ್ಪಾ ಅಪ್ಪಾ ಅಂತ ಬಾಯಿ ಬಿಟ್ಟು ಅತ್ತೆ. ಅಂಗಡಿಯವರು ಓಡಿ ಬಂದು ಯಾರು ಹೋದ್ರು ಅಂತ ಕೇಳಿದ್ರು. ನಮ್ಮಪ್ಪ ಅಂದೆ. ಅಯ್ಯೋ, ಯಾವಾಗ ಅಂದ್ರು. ನನಗೆ ಉತ್ತರ ಹೇಳೋಕೆ ಬರಲಿಲ್ಲ. ಅವರು ಮತ್ತೆ ಕೇಳದೆ, ಮೂರು ದಿನ ರಜ ಕೊಟ್ಟು ಮನೆಗೆ ಕಳಿಸಿದ್ರು. ನಾನು ಬೇಡ ಅನ್ನಲಿಲ್ಲ.

ನಿನ್ನ ತಂಗಿ